ಎ320 ಅಂದರೆ ಅಮ್ಮನಿಗೆ ಭಯ. 1990ರ ವಿಮಾನ, ಈಗಿನದು ಎರಡೂ ಒಂದೇನಾ?

ಮುರುಗೇಶಪಾಳ್ಯದ_ಮಗಳು:
ಮುಂದಿನ ತಿಂಗಳು ಅಮ್ಮನನ್ನು ದೆಹಲಿಗೆ ಕರ್ಕೊಂಡು ಹೋಗಬೇಕು. ಬುಕ್ ಮಾಡುವಾಗ ಎ320 ಅಂತ ಕಾಣಿಸಿದ್ದೇ ತಡ, ರೈಲಿನಲ್ಲೇ ಹೋಗೋಣ ಅಂತ ಹಠ ಹಿಡಿದಿದ್ದಾರೆ. 1990ರ ಫೆಬ್ರವರಿ 14ರಂದು ಎಚ್‌ಎಎಲ್ ಏರ್‌ಪೋರ್ಟ್ ಹತ್ತಿರ ವಿಮಾನ ಬಿದ್ದಾಗ ನಮ್ಮ ಮನೆ ಮುರುಗೇಶಪಾಳ್ಯದಲ್ಲಿತ್ತು. ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕಿದ್ದವರು ಹಾಗೇ ಬಿಟ್ಟು ತಾರಸಿಗೆ ಓಡಿದರಂತೆ, ಗಾಲ್ಫ್ ಮೈದಾನದ ಕಡೆಯಿಂದ ಕಪ್ಪು ಹೊಗೆ ಏಳ್ತಾ ಇತ್ತಂತೆ. ಅದೂ ಎ320. ಈಗ ಹಾರುವುದು ಅದೇ ವಿಮಾನವಾ? ಇನ್ನೊಂದು, ಹೋದ ಸಲ ಮಂಗಳೂರಿಗೆ ಹೊರಟಾಗ ಕಾಲಡಿ ನಾಯಿ ಬೊಗಳಿದ ಹಾಗೆ ಸದ್ದು ಬಂತು. ಅಮ್ಮ ನನ್ನ ಕೈ ಬಿಡಲೇ ಇಲ್ಲ. ಅದೇನು?

ರನ್‌ವೇ_09:
ಕುಟುಂಬ ಅದೇ, ವಿಮಾನ ಅದೇ ಅಲ್ಲ. ಏರ್‌ಬಸ್ ಕಂಪನಿಯ ಎ320 ಮೊದಲು ಹಾರಿದ್ದು 1987ರ ಫೆಬ್ರವರಿಯಲ್ಲಿ, ಏರ್ ಫ್ರಾನ್ಸ್ ಸೇವೆಗೆ ತಂದದ್ದು 1988ರಲ್ಲಿ. ಪೈಲಟ್ ಕೈಯಿಂದ ರೆಕ್ಕೆಗೆ ಕೇಬಲ್ ಬದಲು ಕಂಪ್ಯೂಟರ್ ಮೂಲಕ ಆಜ್ಞೆ ಹೋಗುವುದು ಆಗ ಪ್ರಯಾಣಿಕ ಜೆಟ್‌ಗಳಲ್ಲಿ ತುಂಬಾ ಹೊಸದು. ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ತರಿಸಿಕೊಂಡಿತು. ಮರುವರ್ಷವೇ ಬಾಂಬೆಯಿಂದ ಬರುತ್ತಿದ್ದ ಅದರ ಫ್ಲೈಟ್ 605 ಬೆಂಗಳೂರಿನಲ್ಲಿ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡರು.

ಎಂಜಿನ್ ಕೆಟ್ಟು ಬಿದ್ದದ್ದಲ್ಲ. ಇಳಿಯುವಾಗ ವಿಮಾನ ಒಂದು ಮೋಡ್‌ಗೆ ಹೋಯಿತು, ಅದರಲ್ಲಿ ಎಂಜಿನ್ ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ ಇರುತ್ತದೆ. ವೇಗ ಇಳಿಯುತ್ತಾ ಹೋಯಿತು. ಹಳೆಯ ವಿಮಾನಗಳಲ್ಲಾದರೆ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್‌ನ ಲಿವರ್ ಹಿಂದಕ್ಕೆ ಹೋಗುವುದು ಕಣ್ಣಿಗೆ ಬೀಳುತ್ತದೆ, ಏರ್‌ಬಸ್‌ನಲ್ಲಿ ಲಿವರ್ ಅಲುಗಾಡುವುದೇ ಇಲ್ಲ, ಪರದೆಯ ಅಂಕಿ ನೋಡಿಯೇ ತಿಳಿಯಬೇಕು. ಕೊನೆಗೆ ಶಕ್ತಿ ಕೊಟ್ಟರು, ಆದರೆ ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರಲು ಜೆಟ್ ಎಂಜಿನ್‌ಗೆ ಕೆಲವು ಸೆಕೆಂಡ್ ಬೇಕು. ಆ ಸೆಕೆಂಡ್‌ಗಳು ಸಿಗಲಿಲ್ಲ. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನು ಆಮೇಲೆ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿದರು. ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಅಂತ ಪೈಲಟ್‌ಗೆ ಗೊತ್ತಿರಲೇಬೇಕು ಅನ್ನುವ ಪಾಠಕ್ಕೆ ಈ ಅಪಘಾತವನ್ನು ಈಗಲೂ ಉದಾಹರಣೆ ಕೊಡುತ್ತಾರೆ.

ಗ್ರೀಸ್_ಕೈ:
ನಾನು ಹನ್ನೆರಡು ವರ್ಷದಿಂದ ಈ ವಿಮಾನಗಳ ಮೆಂಟೆನೆನ್ಸ್‌ನಲ್ಲಿದ್ದೇನೆ. ಬೊಗಳುವುದು ಪಿಟಿಯು, ಅಂದರೆ ಪವರ್ ಟ್ರಾನ್ಸ್‌ಫರ್ ಯೂನಿಟ್. ವಿಮಾನದಲ್ಲಿ ಹಸಿರು, ಹಳದಿ, ನೀಲಿ ಅಂತ ಮೂರು ಹೈಡ್ರಾಲಿಕ್ (ದ್ರವದ ಒತ್ತಡದಿಂದ ಭಾಗಗಳನ್ನು ನಡೆಸುವ) ವ್ಯವಸ್ಥೆಗಳಿವೆ. ಹಸಿರು, ಹಳದಿಗಳ ಒತ್ತಡದಲ್ಲಿ ವ್ಯತ್ಯಾಸ ಜಾಸ್ತಿ ಆದರೆ ಪಿಟಿಯು ಮೂಲಕ ಒಂದು ಇನ್ನೊಂದಕ್ಕೆ ಬಲ ಕೊಡುತ್ತದೆ, ಒಂದೇ ಎಂಜಿನ್‌ನಲ್ಲಿ ನೆಲದ ಮೇಲೆ ಓಡುವಾಗ ಹೀಗೆ ಆಗುತ್ತಿರುತ್ತದೆ. ರೆಕ್ಕೆ ಹತ್ತಿರ ಕೂತವರಿಗೆ ಚೆನ್ನಾಗಿ ಕೇಳಿಸುತ್ತದೆ. ಕೆಟ್ಟಿಲ್ಲ, ಕೆಲಸ ಮಾಡ್ತಾ ಇದೆ ಅಂತ ಅಮ್ಮನಿಗೆ ಹೇಳಿ.

ಅಮ್ಮನ ಕಾಲದ ನಮ್ಮ ಎ320ಗಳನ್ನು ಚಕ್ರ ನೋಡಿಯೇ ಗುರುತಿಸಬಹುದಿತ್ತು. ರೆಕ್ಕೆ ಕೆಳಗೆ ಪ್ರತಿ ಕಾಲಿಗೆ ನಾಲ್ಕು ಚಕ್ರ! ನಮ್ಮ ಗಟ್ಟಿ ಇಲ್ಲದ ರನ್‌ವೇಗಳ ಮೇಲೆ ಭಾರ ಹಂಚಲು ಹಾಗೆ ಮಾಡಿಸಿಕೊಂಡಿದ್ದರು. ಈಗ ಕಾಲಿಗೆ ಎರಡೇ. ಇಂಡಿಗೋ 2006ರಲ್ಲಿ ಶುರುವಾದದ್ದೂ ಎ320ಯಲ್ಲೇ. 2016ರಿಂದ ನಿಯೋ ಅನ್ನುವ ಹೊಸ ಎಂಜಿನ್‌ನ ಎ320 ಬಂದಿದೆ, ಎಂಜಿನ್ ಬಾಯಿ ದೊಡ್ಡದು, ಇಂಧನ ಕಡಿಮೆ ಸಾಕು. ಅದರ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳು ಮಾತ್ರ ತುಂಬಾ ತೊಂದರೆ ಕೊಟ್ಟವು, ಎಷ್ಟೋ ವಿಮಾನಗಳು ಎಂಜಿನ್ ಇಲ್ಲದೆ ನಿಂತವು. 2023ರ ಮೇನಲ್ಲಿ ಹಾರಾಟ ನಿಲ್ಲಿಸಿದ ಗೋ ಫಸ್ಟ್ ವಿಮಾನ ಸಂಸ್ಥೆ ಕೂಡ ಇದನ್ನೇ ಕಾರಣ ಹೇಳಿತು.

ಕೋಡಿಹಳ್ಳಿ_ಸುತ್ತಮುತ್ತ:
ಒಂದು ವಿಷಯ ಸೇರಿಸ್ತೀನಿ. ಎ320ಯ ಮುಂದಿನ ಪ್ರಯಾಣಿಕರ ಬಾಗಿಲುಗಳನ್ನು ನಮ್ಮ ಎಚ್‌ಎಎಲ್ ವರ್ಷಗಟ್ಟಲೆ ಮಾಡಿ ಕಳಿಸಿದೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಚಾಚಿಕೊಳ್ಳುವ ಫ್ಲ್ಯಾಪ್ ಹಿಡಿದುಕೊಳ್ಳುವ ತೊಲೆಗಳನ್ನು ಬೆಂಗಳೂರಿನ ಡೈನಾಮ್ಯಾಟಿಕ್ ಕಂಪನಿ ಮಾಡಿಕೊಡುತ್ತದೆ. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಹೋದಾಗ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದ್ದೂ ಎ320ಯಲ್ಲೇ.

ಮುರುಗೇಶಪಾಳ್ಯದ_ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. 92 ಅಂದಾಗ ಸುಮ್ನೆ ಕೂತರು. ಬಾಗಿಲು ಎಚ್‌ಎಎಲ್‌ದು ಅಂದಾಗ, ಯಾವ ಬಾಗಿಲು, ನಾವು ಹತ್ತೋದಾ ಅಂತ ಕೇಳಿದರು. ಟಿಕೆಟ್ ಮಾಡಿಸಿದ್ದೇನೆ. ಸೀಟ್ ಮಾತ್ರ ರೆಕ್ಕೆಯಿಂದ ದೂರ, ಮುಂದುಗಡೆ.