ಆರಿದ್ರಾ ಒಡೆದರೆ ನಮಗೇನು?
ಬಿಎಸ್ಸಿ 1998ರ ಬ್ಯಾಚ್, ಧಾರವಾಡ (ವಾಟ್ಸಾಪ್ ಗುಂಪು)

ಮಂಜು: (ವಿಡಿಯೋ) 2009ರ ಸ್ಟಾರ್ ಟ್ರೆಕ್ ಸಿನಿಮಾ. ಆಕಾಶದಿಂದ ಜಿಗಿದು ಕೊರೆಯೋ ಯಂತ್ರದ ಮೇಲೆ ಇಳಿಯುವ ಸೀನ್ ನೋಡ್ರಿ. ಅದೇ ಹೆಸರಿನ ಹಳೆಯ ಟಿವಿ ಸೀರಿಯಲ್‌ನಲ್ಲಿ ಇಂಥದ್ದೆಲ್ಲಿತ್ತು? ಬರೀ ಮಾತು.

ಬಸವರಾಜ: ಲೇ ಮಂಜ್ಯಾ, ಜಿಗಿಯಲಿ ಬಿಡು. ನನ್ನ ತಕರಾರು ಕಥೆಯದು. ಒಂದು ನಕ್ಷತ್ರ ಒಡೆದರೆ ಇಡೀ ಗ್ಯಾಲಕ್ಸಿಗೇ ಕುತ್ತಂತೆ! ನಮ್ಮ ಗ್ಯಾಲಕ್ಸಿಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಹಾಗೆ ನಕ್ಷತ್ರ ಒಡೆಯುವ ಸೂಪರ್‌ನೋವಾದ ಕಾಟ ಹತ್ತಾರು ಜ್ಯೋತಿರ್ವರ್ಷದಾಚೆ ನಡೆಯೋದಿಲ್ಲ. ನಮ್ಮ ರೈತರು ಮಳೆ ಲೆಕ್ಕ ಹಾಕುವ ಆರಿದ್ರಾ ಇದೆಯಲ್ಲ, ಅದೇ ಬೀಟಲ್‌ಜ್ಯೂಸ್. ಅದೂ ಒಂದಿನ ಒಡೆಯುವುದೇ. ನೂರಾರು ಜ್ಯೋತಿರ್ವರ್ಷ ದೂರದಲ್ಲಿದೆ. ಒಡೆದರೆ ಹಗಲಲ್ಲೂ ಕಾಣುತ್ತದೆ, ಅಷ್ಟೇ. ಬಿತ್ತನೆ ನಿಲ್ಲುವುದಿಲ್ಲ.

ಸವಿತಾ: ಸರ್ ಪಾಠ ಶುರು ಮಾಡಿದರು.

ಮಂಜು: ನಿನ್ನ ಹಳೆಯ ಸೀರಿಯಲ್ ಏನು ಸತ್ಯಹರಿಶ್ಚಂದ್ರನಾ? 1966ರಲ್ಲೇ ಗಾಳಿ ಇಲ್ಲದ ಕಡೆ ಬಾಹ್ಯಾಕಾಶದ ಹಡಗು ಸುಂಯ್ ಅಂತ ಸದ್ದು ಮಾಡಿ ಹೋಗುತ್ತಿತ್ತು. ಮನುಷ್ಯರನ್ನು ಮಾಯ ಮಾಡಿ ಇಳಿಸುವ ಟ್ರಾನ್ಸ್‌ಪೋರ್ಟರ್ ಬಂದದ್ದೂ ವಿಜ್ಞಾನಕ್ಕಲ್ಲ. ಪ್ರತಿ ವಾರ ಹಡಗು ಇಳಿಸಿ ತೋರಿಸಲು ದುಡ್ಡಿರಲಿಲ್ಲ.

ಬಸವರಾಜ: ಒಪ್ಪಿದೆ. ಸುಳ್ಳೇ. ಆದರೆ ಆ ಸುಳ್ಳಿಗೂ ಒಂದು ಮಿತಿ ಇಟ್ಟಿದ್ದರು. ಯಂತ್ರ ಕೆಟ್ಟಿತು, ಗ್ರಹದ ಮೇಲೆ ಜನ ಸಿಕ್ಕಿಬಿದ್ದರು, ಈಗೇನು? ಅದೇ ಕಥೆ. ಹೊಸದರಲ್ಲಿ ವಾರ್ಪ್ ವೇಗದಲ್ಲಿ, ಅಂದರೆ ಬೆಳಕಿಗಿಂತ ಜೋರಾಗಿ ಓಡುತ್ತಿರುವ ಹಡಗಿಗೇ ದೂರದ ಗ್ರಹದಿಂದ ಜನರನ್ನು ಕಳಿಸುತ್ತಾರೆ. ಹಾಗೆ ಹೋಗಬಹುದಾದರೆ ಹಡಗು ಯಾಕಪ್ಪ ಬೇಕು?

ಗಿರೀಶ: ರವಿವಾರ ಸಾಧನಕೇರಿಗೆ ಯಾರ್ಯಾರು ಬರುತ್ತೀರಿ? ಹೆಸರು ಹಾಕಿ.

ಮಂಜು: ವಾರವಿಡೀ ಅಂಗಡಿಯಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ತಲೆ ಓಡಿಸಿದ್ದೇ ಸಾಕು. ಟಿಕೆಟ್ ತೆಗೆದು ಮತ್ತೆ ತಲೆ ಓಡಿಸಬೇಕಾ? ನನಗೆ ಗುದ್ದಾಟವೇ ಇರಲಿ.

ಬಸವರಾಜ: ಇರಲಿ, ಬೇಡ ಅಂದವರು ಯಾರು? ಅದೇ ಸಿನಿಮಾದಲ್ಲಿ ನನಗೆ ಎದೆ ಝಲ್ ಅಂದದ್ದು ಒಂದೇ ಕಡೆ. ಶುರುವಿನಲ್ಲಿ ಹಡಗಿನ ಗೋಡೆ ಒಡೆದು ಒಬ್ಬಳು ಹೊರಗೆ ಹಾರಿಹೋಗುತ್ತಾಳೆ. ಕಿರುಚಾಟ, ಸಿಡಿತ ಎಲ್ಲ ಫಟ್ ಅಂತ ಅಡಗುತ್ತದೆ. ಸದ್ದು ಸಾಗಲು ಅಲ್ಲಿ ಗಾಳಿ ಇಲ್ಲವಲ್ಲ. ನಿನ್ನ ಜಿಗಿತಕ್ಕಿಂತ ಅದು ಜಾಸ್ತಿ ಹೆದರಿಸಿತು. ಸದ್ದು ತೆಗೆಯಲು ಎಷ್ಟು ಖರ್ಚಾಗಿರಬೇಕು ಹೇಳು?

ಸವಿತಾ: ಆ ಸೀನ್ ನೆನಪಿದೆ. ಟಿವಿ ಕೆಟ್ಟಿತು ಅಂತ ನಮ್ಮ ಮನೆಯವರು ರಿಮೋಟ್ ಹುಡುಕಿದರು.

ಮಂಜು: ನೋಡಿದೆಯಾ ಬಸ್ಯಾ? ಜನಕ್ಕೆ ಸದ್ದು ಬೇಕು.

ಸವಿತಾ: ಪೂರ್ತಿ ಕೇಳು ಮಾರಾಯ. ಮಗಳು ಅವರ ಕೈ ಹಿಡಿದಳು. 'ಸುಮ್ನಿರು ಪಪ್ಪಾ, ಅಲ್ಲಿ ಗಾಳಿ ಇಲ್ಲ' ಅಂದಳು. ಆಗ ಅವಳು ಏಳನೇ ಕ್ಲಾಸು.

ಮಂಜು: ಗಿರೀಶ, ರವಿವಾರಕ್ಕೆ ನನ್ನ ಹೆಸರು ಹಾಕು. ಕಾರಿನಲ್ಲಿ ಬಸ್ಯಾನ ಪಕ್ಕ ಮಾತ್ರ ಕೂರಿಸಬೇಡ.