ಅಪ್‌ಡೇಟ್: ಆ ಹೆಲ್ತ್‌ಕೇರ್ ಕಂಪನಿಗೆ ಸೇರಿದೆ
ಮೆಡಿಕಲ್ ಕೋಡಿಂಗ್ (ರೋಗಿಯ ಫೈಲು ಓದಿ ಕಾಯಿಲೆ, ಚಿಕಿತ್ಸೆಗೆ ಕೋಡ್ ಹಾಕುವ ಕೆಲಸ) ಆಫರ್ ಬಂದಿದೆ, ಅಲ್ಲಿನ ನೌಕರರ ಅಭಿಪ್ರಾಯ ನೋಡಿದರೆ ಒಬ್ಬರದು ಒಂದೊಂದು ಥರ, ಸೇರಲಾ ಬೇಡ್ವಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸೇರಿದೆ.

ನೌಕರರು ಕಂಪನಿಗೆ ಕೊಟ್ಟ ಸ್ಟಾರ್ ರೇಟಿಂಗ್ ನೋಡಿ ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ನರ್ಸ್, ಸೇಲ್ಸ್, ಬಿಲ್ಲಿಂಗ್ ಎಲ್ಲರ ಅಂಕ ಸೇರಿಸಿ ಸರಾಸರಿ ತೆಗೆದರೆ ಏನು ತಿಳಿಯುತ್ತೆ? ಎಚ್‌ಆರ್‌ನವರನ್ನ ಕೇಳಿದರೆ ಸುಮ್ನೆ ಸಿಹಿ ಮಾತು, ಅಷ್ಟೇ.

ಕೆಲಸಕ್ಕೆ ಬಂದಿದ್ದು ಅದೇ ತಂಡ ಬಿಟ್ಟವರ ಜೊತೆ ಮಾತಾಡಿ ಅನ್ನುವ ಸಲಹೆ. ಕೊಟ್ಟವರಿಗೆ ಥ್ಯಾಂಕ್ಸ್. ತಂಡದವರು ಬಿಟ್ಟಿದ್ದು ಸಂಬಳದ ಕಾರಣಕ್ಕಲ್ಲ, ದಿನಕ್ಕೆ ಇಷ್ಟು ಫೈಲು ಮುಗಿಸಬೇಕು ಅನ್ನುವ ಟಾರ್ಗೆಟ್ ಕಾರಣಕ್ಕೆ. ಹಾಗಾಗಿ ಟಾರ್ಗೆಟ್ ಎಷ್ಟು, ಆಡಿಟ್‌ನಲ್ಲಿ (ಹಾಕಿದ ಕೋಡ್ ಮತ್ತೆ ಪರಿಶೀಲಿಸುವಾಗ) ತಪ್ಪು ಹೇಗೆ ಎಣಿಸುತ್ತಾರೆ ಎರಡನ್ನೂ ಮೊದಲೇ ಇಮೇಲ್‌ನಲ್ಲಿ ಕೇಳಿ ಪಡೆದೆ.

ಆಶ್ಚರ್ಯ ಅಂದರೆ, ಕಂಪನಿಯನ್ನ ಬೈದವರೂ ಹೊಗಳಿದವರೂ ನಿಜವನ್ನೇ ಹೇಳಿದ್ದರು, ತಂಡ ಬೇರೆ ಬೇರೆ ಅಷ್ಟೇ. ಇನ್‌ಪೇಶೆಂಟ್ (ಆಸ್ಪತ್ರೆಗೆ ದಾಖಲಾದವರ) ತಂಡಕ್ಕೆ ದಪ್ಪ ಫೈಲು, ಒಂದೊಂದಕ್ಕೂ ಐಸಿಡಿ-10 (ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ) ಕೋಡ್ ಹುಡುಕೋದೇ ಹೊತ್ತು ಹಿಡಿಯುತ್ತೆ. ಔಟ್‌ಪೇಶೆಂಟ್‌ನಲ್ಲಿ (ದಾಖಲಾಗದೆ ತೋರಿಸಿಕೊಂಡು ಹೋಗುವವರು) ಫೈಲು ಸಣ್ಣದು, ಆದರೆ ಸಂಖ್ಯೆ ಜಾಸ್ತಿ. ನನಗೆ ಸಿಕ್ಕಿದ್ದು ಎರಡನೆಯದು. ಸದ್ಯಕ್ಕೆ ಪರವಾಗಿಲ್ಲ.