ಬಂದರು, ರೈಲು, ಕರೆಂಟು ಎಲ್ಲ ಇದ್ದೂ ಕಾರವಾರಕ್ಕೆ ವಿದೇಶಿ ಕಂಪನಿ ಯಾಕೆ ಬರಲ್ಲ?

ಕಾರವಾರಿಗ:
ಟೊಯೋಟಾ ಬಿಡದಿಗೆ ಹೋಯಿತು, ಹ್ಯುಂಡೈ ಶ್ರೀಪೆರಂಬದೂರಿಗೆ, ಈಗ ಫಾಕ್ಸ್‌ಕಾನ್ ದೇವನಹಳ್ಳಿಗೆ. ನಮ್ಮಲ್ಲಿ ಬಂದರು, ಕೊಂಕಣ ರೈಲ್ವೆ, ಹೈವೇ, ಕೈಗಾ ಅಣು ವಿದ್ಯುತ್ ಸ್ಥಾವರ ಎಲ್ಲ ಇದ್ದರೂ ಡಿಪ್ಲೊಮಾ ಮುಗಿಸಿದ ಹುಡುಗರು ಗೋವಾ ಬಸ್ ಹತ್ತುತ್ತಾರೆ. ಈ ಕಂಪನಿಗಳು ಜಾಗ ಆರಿಸುವಾಗ ನಿಜವಾಗಿ ಏನು ನೋಡುತ್ತವೆ? ತೆರಿಗೆ ರಿಯಾಯಿತಿ ಜಾಸ್ತಿ ಕೊಟ್ಟರೆ ಬರುತ್ತಾರಾ?

ಶಿರಸಿ ಕಡೆಯವ:
ರಿಯಾಯಿತಿ ಲೆಕ್ಕಕ್ಕೆ ಬರುವುದು ಕೊನೆಗೆ. ಇಲ್ಲಿನ ಜನರಿಗೆ ಮಾರಲು ಬರುವವರು ಬೇರೆ, ಅದಿರು ಹುಡುಕಿ ಬರುವವರು ಬೇರೆ, ಕಡಿಮೆ ಖರ್ಚಲ್ಲಿ ಮಾಡಿ ಹೊರದೇಶಕ್ಕೆ ಕಳಿಸುವವರು ಬೇರೆ. ಮೊದಲು ದೇಶ, ಆಮೇಲೆ ರಾಜ್ಯ, ಆಮೇಲೆ ಊರು ಅಂತ ಸೋಸುತ್ತಾ ಬರುತ್ತಾರೆ. ಎರಡು ಮೂರು ಊರು ಸಮ ಬಂದಾಗ ಮಾತ್ರ ತೆರಿಗೆ, ಜಾಗದ ದರದ ಚೌಕಾಸಿ.

ನಾನು ಬೆಂಗಳೂರಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸದಲ್ಲಿದ್ದೇನೆ. ಕಾರು ಕಟ್ಟುವವರು ಸೀಟು, ಬಂಪರ್ ಎಲ್ಲ ರಾಶಿ ಹಾಕಿಟ್ಟುಕೊಳ್ಳುವುದಿಲ್ಲ, ಲೈನಿಗೆ ಬೇಕಾದ ಹೊತ್ತಿಗೆ ಲಾರಿ ಗೇಟಿನಲ್ಲಿರಬೇಕು, ತಡವಾದರೆ ಲೈನೇ ನಿಲ್ಲುತ್ತದೆ. ಅದಕ್ಕೇ ಹ್ಯುಂಡೈ ಬಂದಾಗ ಕೊರಿಯಾದ ಬಿಡಿಭಾಗದವರೂ ಹಿಂದೆಯೇ ಬಂದು ಚೆನ್ನೈ ಸುತ್ತ ನೆಲೆಯೂರಿದರು. ಈಗ ನಮ್ಮ ಕಡೆ ನೋಡಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೈವೇ ಎಷ್ಟೋ ದಿನ ಬಂದ್. ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಎರಡು ದಶಕ ದಾಟಿದರೂ ಆಗಿಲ್ಲ. ಘಟ್ಟದ ಮೇಲಿಂದ ಸರಕು ಸಲೀಸಾಗಿ ಇಳಿಯದಿದ್ದರೆ ಬಂದರು ಇದ್ದೂ ಏನು ಪ್ರಯೋಜನ?

ಅಂಕೋಲೆಯವಳು:
ರಸ್ತೆ ಒಂದೇ ಅಲ್ಲ ಮಾರಾಯ್ರೆ, ಜಾಗ ಎಲ್ಲಿದೆ? ಜಿಲ್ಲೆಯ ಬಹುಪಾಲು ಕಾಡು. ಗುಡ್ಡಕ್ಕೂ ಕಡಲಿಗೂ ಮಧ್ಯೆ ಉಳಿದ ಪಟ್ಟಿಯಲ್ಲೇ ಊರು, ಗದ್ದೆ, ಮೀನುಗಾರರ ಕೇರಿ, ಹೈವೇ, ರೈಲು. ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟವರ ಸಂಕಟ ಇಲ್ಲಿ ಎಲ್ಲರಿಗೂ ಗೊತ್ತು. 2020ರಲ್ಲಿ ಕಾರವಾರ ಬಂದರು ವಿಸ್ತರಣೆ ಬೇಡ ಅಂತ ಮೀನುಗಾರರು ಬೀದಿಗಿಳಿದದ್ದು ಸುಮ್ನೆ ಅಲ್ಲ. ಕಂಪನಿಗಳು ಇದನ್ನೂ ತೂಗಿ ನೋಡುತ್ತವೆ. ಕೊರಿಯಾದ ಉಕ್ಕಿನ ಕಂಪನಿ ಪೋಸ್ಕೋ ಒಡಿಶಾದಲ್ಲಿ 2005ರಲ್ಲಿ ಒಪ್ಪಂದ ಮಾಡಿಕೊಂಡು 2017ರಲ್ಲಿ ಕೈಬಿಟ್ಟಿತು, ಗದಗದಲ್ಲಿ ರೈತರು ಭೂಮಿ ಕೊಡಲ್ಲ ಅಂದ ಮೇಲೆ 2013ರಲ್ಲೇ ಹಿಂದೆ ಸರಿಯಿತು. ಅದಿರಿನ ಆಸೆಗೆ ಬಂದವರೇ ಹಾಗೆ ಹೋದರು.

ಕಾರವಾರಿಗ:
ಹಾಗಾದರೆ ನಮಗೆ ಯಾವುದೂ ಬರುವುದಿಲ್ಲ ಅಂತಲಾ?

ಶಿರಸಿ ಕಡೆಯವ:
ಹಾಗಲ್ಲ. ಲಾರಿಗಿಂತ ತಲೆ ಜಾಸ್ತಿ ಬೇಕಾದ ಕೆಲಸವೂ ಇದೆಯಲ್ವಾ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಎಂಜಿನಿಯರ್‌ಗಳಿಗಾಗಿ. ಇಂಟೆಲ್ 1996ರಲ್ಲಿ ಕೋಸ್ಟಾರಿಕಾದಂಥ ಪುಟ್ಟ ದೇಶವನ್ನು ಆರಿಸಿತು, ಅಲ್ಲಿ ಓದಿದ ಜನ ಇದ್ದರು, ತಾಂತ್ರಿಕ ಶಿಕ್ಷಣ ಹೆಚ್ಚಿಸಲು ಸರ್ಕಾರ ಮುಂದಾಯಿತು. ಆದರೆ 2014ರಲ್ಲಿ ಚಿಪ್ ಜೋಡಣೆಯನ್ನು ಏಷ್ಯಾಕ್ಕೆ ಸಾಗಿಸುವುದಾಗಿ ಹೇಳಿ ಸುಮಾರು 1,500 ಜನರ ಕೆಲಸ ತೆಗೆಯಿತು, ಎಂಜಿನಿಯರಿಂಗ್ ಕೆಲಸ ಅಲ್ಲೇ ಉಳಿಯಿತು. ಅದಕ್ಕೇ ನಾನು ರಿಯಾಯಿತಿ ಕೇಳುವ ಬದಲು ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ, ಡಿಪ್ಲೊಮಾ ಕಾಲೇಜುಗಳಿಗೆ ಒಳ್ಳೆ ಲ್ಯಾಬ್, ಮೇಷ್ಟ್ರುಗಳನ್ನು ಕೇಳುತ್ತೇನೆ.